ಎಲ್ಲರ ಉಸಿರೂ ಇಪ್ಪತ್ತು

ಮನುಷ್ಯ ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತಾನೆ ಎಂದು ಯಾರಿಗಾದರೂ ತಿಳಿಯಬೇಕಿದ್ದರೆ ನಾನು ಮೂವತ್ತು ಚಿಲ್ಲರೆ ವರ್ಷ ತುಂಬಿದ ಚಾರ್ಟುಗಳನ್ನು ತೆಗೆದು ನೋಡಬಹುದು. ಇಪ್ಪತ್ತು. ಹೆರಿಗೆಯಾದ ಹೆಂಗಸಿಗೆ ಇಪ್ಪತ್ತು, ಹೊಟ್ಟೆನೋವಿನ ಗಂಡಸಿಗೆ ಇಪ್ಪತ್ತು, ಬಿದ್ದು ಸೊಂಟ ಮುರಿದುಕೊಂಡ ಅಜ್ಜಿಗೂ ಇಪ್ಪತ್ತು. ಒಮ್ಮೆಯಂತೂ ಚಹಾ ಕುಡಿಯಲು ರಸ್ತೆಯಾಚೆ ಹೋಗಿದ್ದವನ ಖಾಲಿ ಮಂಚದ ಮುಂದೆ ನಿಂತು ಇಪ್ಪತ್ತು ಬರೆದಿದ್ದೇನೆ. ಅವನು ತಿರುಗಿ ಬಂದವನೇ, "ಸಿಸ್ಟರ್, ನನ್ನ ನೋಡದನ ಏನ ಬರದ್ರಿ?" ಎಂದು ಕೇಳಿದ. "ನೀ ಉಸರಾಡಾಕತ್ತೀ ಅಂತ ಬರದೇನಿ. ಸುಳ್ಳೇನ?" ಎಂದು ಗದರಿಸಿದೆ. ಪಾಪ, ಅವನು ಹೌದೆಂದು ಒಪ್ಪಿಕೊಂಡು ಮಲಗಿದ.

ನನ್ನ ಹೆಸರು ನೀಲಮ್ಮ. ಸರಕಾರಿ ನರ್ಸ್ ಆಗಿದ್ದು ನಿವೃತ್ತಳಾದವಳು. ಗದಗ-ಬೆಟಗೇರಿ, ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರ ಈ ಸುತ್ತಿನಲ್ಲೇ ನನ್ನ ನೌಕರಿ ಕಳೆಯಿತು. ಯಾವ ಸಂಗತಿ ಯಾವ ಆಸ್ಪತ್ರೆಯದೆಂದು ಹೇಳುವುದಿಲ್ಲ, ಹೆಸರುಗಳನ್ನೂ ಬದಲಿಸಿದ್ದೇನೆ. ನರ್ಸಿಂಗ್ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರು ನನ್ನ ಮನೆಗೆ ಬಂದು "ಏನಾದ್ರೂ ಹೇಳ್ರಿ ಅಕ್ಕಾರ" ಎನ್ನುತ್ತಾರೆ. ಈಗ ಹುಡುಗರೂ ಬರುತ್ತಾರೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಎಷ್ಟು ಶಾಲು ಹೊದಿಸಿಕೊಂಡೆ ಎಂಬುದರಿಂದ ನಿಮಗೆ ಆಗಬೇಕಾದ್ದು ಏನೂ ಇಲ್ಲ. ಆ ಇಪ್ಪತ್ತರ ಕಥೆ ಹೇಳುತ್ತೇನೆ, ಅದು ನಿಮ್ಮ ಕೆಲಸಕ್ಕೆ ಬರುತ್ತದೆ.

ಅದನ್ನು ನನಗೆ ಕಲಿಸಿದವರು ನನ್ನ ಮೊದಲ ಹಿರಿಯ ಸಿಸ್ಟರ್. ದಪ್ಪ ಕನ್ನಡಕದ ಹೆಂಗಸು. ಎಂಥ ಮುದುಕಿಯ ಒಣಗಿದ ಕೈಯಲ್ಲೂ ಒಂದೇ ಚುಚ್ಚಿಗೆ ನರ ಹುಡುಕುತ್ತಿದ್ದರು, ಅವರ ಮುಂದೆ ಡಾಕ್ಟರುಗಳೇ ಬಾಯಿ ಮುಚ್ಚುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ದಿನ ಚಾರ್ಟು ಕೈಗೆ ಕೊಟ್ಟು, "ಜ್ವರ ನೋಡು, ನಾಡಿ ಹಿಡದ ನೋಡು. ಉಸಿರು ಇಪ್ಪತ್ತ ಬರಿ, ಮುಂದ ನಡಿ. ಉಸಿರು ನಿಂತ್ರ ಮಂದಿನ ಒದರತಾರ" ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಯಾಕೆ ಹೀಗೆ ಎಂದು ನಾನು ಆಮೇಲೆ ಬಹಳ ಯೋಚಿಸಿದ್ದೇನೆ. ಜ್ವರವನ್ನು ಥರ್ಮಾಮೀಟರ್ ತೋರಿಸುತ್ತದೆ. ನಾಡಿ ಬೆರಳಿಗೆ ತಾಗುತ್ತದೆ. ಉಸಿರು ಎಣಿಸಬೇಕೆಂದರೆ ಮಾತ್ರ ಒಂದು ನಿಮಿಷ ಪೂರ್ತಿ ಸುಮ್ಮನೆ ನಿಂತು ಎದೆಯನ್ನೋ ಹೊಟ್ಟೆಯನ್ನೋ ನೋಡಬೇಕು. ನಮ್ಮ ಆಸ್ಪತ್ರೆಗಳಲ್ಲಿ ನರ್ಸ್ ಸುಮ್ಮನೆ ನಿಂತರೆ ಆಕೆಗೆ ಕೆಲಸವಿಲ್ಲ ಎಂದೇ ಅರ್ಥ. ಮೂರು ಮಂಚದಾಚೆಯಿಂದ "ಸಿಸ್ಟರ್, ಸಲಾಯಿನ್ ಮುಗೀತು" ಎಂಬ ಕೂಗು ಬರುತ್ತದೆ, ಇನ್ನೊಬ್ಬರು ಕಾಗದ ಹಿಡಿದು ಸಹಿ ಕೇಳುತ್ತಾರೆ. ನಿಂತು ನೋಡುವುದೊಂದನ್ನು ಬಿಟ್ಟು ಉಳಿದುದನ್ನೆಲ್ಲ ಮಾಡುತ್ತಿದ್ದೆವು.

ಇನ್ನು ರೇಣುಕಾಳ ವಿಷಯಕ್ಕೆ ಬರುತ್ತೇನೆ. ಕಳಸಾಪುರದ ಹುಡುಗಿ, ನನ್ನ ಕೊನೆಯ ಆಸ್ಪತ್ರೆಯಲ್ಲಿ ನನ್ನ ಕೈಕೆಳಗೆ ಸೇರಿದವಳು. ಡ್ರೆಸ್ಸಿಂಗ್ ಮಾಡುವಾಗ ಬಾಯಲ್ಲೇ ಏನೋ ಗುನುಗುತ್ತಿದ್ದಳು. ಅದನ್ನು ಕೇಳುತ್ತ ರೋಗಿಗಳು ನೋವು ಮರೆಯುತ್ತಿದ್ದರು, ಅದಕ್ಕೇ "ಆ ಹಾಡೋ ಸಿಸ್ಟರ್ ಬರಲಿ" ಎಂದು ಹಟ ಹಿಡಿಯುವವರಿದ್ದರು. ಆ ದೊಡ್ಡ ಸಾಂಕ್ರಾಮಿಕದ ಕಾಲ ಬಂದು ಹೋಯಿತಲ್ಲ, ಆಮೇಲೆ ಅವಳ ಗುನುಗು ನಿಂತಿತು. ಕೆಲಸದಲ್ಲಿ ಕೊರತೆ ಇರಲಿಲ್ಲ, ಹೇಳಿದ್ದು ಹೇಳಿದ ಹಾಗೆ ಮಾಡುತ್ತಿದ್ದಳು. ನಾನೂ ಆಗ ಸಿಡುಕಿಯಾಗಿದ್ದೆ. ಯಾರಾದರೂ ಎರಡು ಸಲ ಒಂದೇ ಮಾತು ಕೇಳಿದರೆ ಹರಿಹಾಯುತ್ತಿದ್ದೆ. ವಯಸ್ಸಾಯಿತಲ್ಲ ಎಂದುಕೊಂಡು ಸುಮ್ಮನಿದ್ದೆ.

ಅಷ್ಟರಲ್ಲಿ ಒಂದು ಸುತ್ತೋಲೆ ಬಂತು. ಆರೋಗ್ಯ ಸಿಬ್ಬಂದಿಯ ಒತ್ತಡ, ಬಳಲಿಕೆ ಕಡಿಮೆ ಮಾಡಲು ಮೈಂಡ್‌ಫುಲ್‌ನೆಸ್ ತರಬೇತಿ, ಎಂಟು ಗುರುವಾರ, ಮಧ್ಯಾಹ್ನ, ಗದಗಿನಲ್ಲಿ. ನಮ್ಮಲ್ಲಿಂದ ಮೂವರು ಹೋಗಬೇಕು. ನಾನು, ರೇಣುಕಾ, ಮತ್ತೆ ಆಯಾ ಗಂಗವ್ವ. ಗಂಗವ್ವ ನೆಲ ಒರೆಸುವುದರಿಂದ ಹಿಡಿದು ಹೆರಿಗೆ ಮಂಚ ತೊಳೆಯುವವರೆಗೆ ಎಲ್ಲ ಮಾಡುವವಳು. ಸುತ್ತೋಲೆ ಓದಿ ಹೇಳಿದಾಗ, "ಅಂದ್ರ ಏನ ಕಲಸ್ತಾರ್ರಿ?" ಎಂದಳು.

"ಉಸರಾಡೂದು" ಎಂದೆ.

"ಅಯ್ಯ, ಅದು ಬರತೈತಲ್ರಿ ನನಗ!"

ಮೊದಲ ಗುರುವಾರ ಬಸ್ಸಿನಲ್ಲಿ ರೇಣುಕಾ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು, "ಅಕ್ಕಾರ, ನಾ ರಾಜೀನಾಮಿ ಬರದಿಟ್ಟೇನ್ರಿ."

"ಯಾಕವಾ? ಏನಾತು?"

"ಏನೂ ಆಗವಲ್ದು, ಅದಕ್ಕ. ಮೊನ್ನೆ ಒಬ್ಬಾಕಿ ಗಂಡ ಸತ್ತ ಅಂತ ನನ್ನ ತೆಕ್ಕಿ ಬಿದ್ದು ಅತ್ಲು. ನಾ ಆಕಿ ಹೆಗಲ ಮ್ಯಾಲಿಂದ ಗಡಿಯಾರ ನೋಡಾಕತ್ತಿದ್ದೆ. ಹಿಂಗಾದಾಕಿ ನರ್ಸ್ ಇರಬಾರದ್ರಿ."

ಒಳ್ಳೆಯ ಕೈ ಹೊರಟುಹೋಗುತ್ತದಲ್ಲ ಎಂದುಕೊಂಡೆ. "ಎಂಟ ಗುರುವಾರ ಮುಗೀಲಿ. ಆಮ್ಯಾಲ ಕೊಡೀಯಂತ" ಎಂದೆ. ಅವಳು ಬ್ಯಾಗಿನ ಜಿಪ್ ಎಳೆದು, ಒಳಗಿದ್ದ ಮಡಿಸಿದ ಕಾಗದವನ್ನು ತೋರಿಸಿ, ಮತ್ತೆ ಮುಚ್ಚಿ, ಆಗಲಿ ಎಂದಳು.

ತರಬೇತಿ ಕೊಡಲು ಬಂದವಳು ಅನುಪಮಾ ಎಂಬ ಮೂವತ್ತರ ಹೆಂಗಸು, ಬೆಟಗೇರಿಯವಳೇ. ಮನಶ್ಶಾಸ್ತ್ರ ಓದಿದವಳು. ನಾನು ಕೂತವಳೇ ಜಗಳ ತೆಗೆದೆ. "ಮೇಡಂ, ನಾಕ ಮಂದಿ ಕೆಲಸ ಒಬ್ಬಾಕಿ ಮಾಡಾಕತ್ತೇವಿ. ಅದಕ್ಕ ಮಂದಿ ಕೊಡ್ರಿ ಅಂದ್ರ ಉಸರಾಡಾಕ ಕಲಸ್ತೇವಿ ಅಂತೀರಿ. ಇದ್ಯಾವ ನ್ಯಾಯ?"

ತರಬೇತಿಯ ಹಾಲ್‌ನಲ್ಲಿದ್ದ ಮೂವತ್ತು ಜನ ನರ್ಸುಗಳು ಚಪ್ಪಾಳೆ ತಟ್ಟಿದರು. ಆಕೆ ಕೆಂಪಾಗಲಿಲ್ಲ. "ಖರೇ ಐತ್ರಿ. ಇದರಿಂದ ಒಬ್ಬ ನರ್ಸೂ ಹೆಚ್ಚಾಗಂಗಿಲ್ಲ. ಇದ್ದವರು ಉಳದ್ರ ಸಾಕಂತ ಬಂದೇನಿ" ಎಂದಳು. ನಾನು ರೇಣುಕಾಳ ಬ್ಯಾಗಿನ ಕಡೆ ನೋಡಿದೆ. ಆಮೇಲೆ ಜಗಳ ಆಡಲಿಲ್ಲ.

ಕಣ್ಣು ಮುಚ್ಚಿ ಉಸಿರನ್ನು ಗಮನಿಸಿ ಎಂದಳು. ಐದು ನಿಮಿಷದಲ್ಲಿ ಅರ್ಧ ಹಾಲ್ ನಿದ್ದೆ ಹೋಯಿತು. ಗಂಗವ್ವನ ಗೊರಕೆ ಪಂಖದ ಸದ್ದನ್ನೂ ಮೀರಿಸಿತು. ಅನುಪಮಾ ಯಾರನ್ನೂ ಎಬ್ಬಿಸಲಿಲ್ಲ. ಎದ್ದ ಮೇಲೆ ಎಲ್ಲರೂ ನಾಚಿಕೊಂಡಾಗ, "ಇವತ್ತಿನ ಪಾಠ ಇದ. ನಿಮಗ ಎಷ್ಟ ನಿದ್ದಿ ಬಾಕಿ ಐತಿ ಅಂತ ಗೊತ್ತಾತು" ಎಂದಳು. ಅವಳ ಮೇಲೆ ನನಗೆ ಕುತೂಹಲ ಹುಟ್ಟಿದ್ದು ಅಲ್ಲಿಂದ.

ಎರಡನೆಯ ವಾರ ಒಬ್ಬೊಬ್ಬರಿಗೂ ಒಂದೊಂದು ಒಣದ್ರಾಕ್ಷಿ ಕೊಟ್ಟು, ನೋಡಿ, ಮೂಸಿ, ನಾಲಿಗೆಯ ಮೇಲಿಟ್ಟು, ನಿಧಾನ ತಿನ್ನಿ ಎಂದಳು. ಮಾತು ಮುಗಿಯುವ ಮೊದಲೇ ಗಂಗವ್ವ ಕೈ ಚಾಚಿ, "ಇನ್ನೊಂದ ಕೊಡ್ರಿ ಮೇಡಂ, ಇದು ಹೋತು" ಎಂದಳು. ನಕ್ಕು ನಕ್ಕು ಸಾಕಾಯಿತು. ನಗುವುದಕ್ಕೇನು, ಅದು ಗಂಗವ್ವ ಒಬ್ಬಳ ಕಥೆಯಲ್ಲ. ಡ್ಯೂಟಿಯಲ್ಲಿ ನಾವೆಲ್ಲ ನಿಂತೇ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಳ್ಳುವವರು. ಅಂದು ಸಂಜೆ ಬಸ್‌ಸ್ಟ್ಯಾಂಡಿನ ಬಳಿ ಗಿರಮಿಟ್ಟು, ಮಿರ್ಚಿ ಭಜಿ ತಿನ್ನುವಾಗ ನಾನು ಮಿರ್ಚಿಯ ಮೇಲೂ ಅದೇ ಪ್ರಯೋಗ ಮಾಡಿದೆ. ನಿಧಾನ ಅಗಿದರೆ ಖಾರ ಎಲ್ಲಿಂದ ಶುರುವಾಗಿ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯುತ್ತದೆ. ಕಣ್ಣೀರು ಸುರಿಯಿತು. ರೇಣುಕಾ ಬಹಳ ದಿನದ ಮೇಲೆ ನಕ್ಕಳು, ನೀರಿನ ಬಾಟಲಿ ಕೊಟ್ಟಳು.

ಮೂರನೆಯ ಗುರುವಾರ ನಡೆದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸುಮ್ಮನೆ ಕೂತು ನಿಮ್ಮ ನಿಮ್ಮ ಉಸಿರನ್ನು ಒಂದು ನಿಮಿಷ ಎಣಿಸಿ ಎಂದಳು ಅನುಪಮಾ. ಬದಲಿಸಬೇಡಿ, ಎಣಿಸಿ, ಅಷ್ಟೆ. ನಿಮಿಷ ಮುಗಿದ ಮೇಲೆ ಕೇಳಿದಳು. ಒಬ್ಬಳು ಹನ್ನೊಂದು ಎಂದಳು. ಇನ್ನೊಬ್ಬಳು ಹದಿನಾರು, ರೇಣುಕಾ ಇಪ್ಪತ್ತಮೂರು, ನಾನು ಹದಿನಾಲ್ಕು. ಒಬ್ಬರಂತೆ ಒಬ್ಬರದಿಲ್ಲ. ಅನುಪಮಾ ಸಹಜವಾಗಿ ಕೇಳಿದಳು, "ನಿಮ್ಮ ಪೇಶಂಟ್‌ಗಳದು ಎಷ್ಟ ಇರತೈತ್ರಿ?"

ಮೂವತ್ತು ಬಾಯಿಂದ ಒಂದೇ ಸಲ ಬಂತು: "ಇಪ್ಪತ್ತು!"

ಒಂದು ಗಳಿಗೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. ಬೇರೆ ಬೇರೆ ಆಸ್ಪತ್ರೆ, ಬೇರೆ ಬೇರೆ ತಾಲೂಕು, ಒಬ್ಬರಿಗೊಬ್ಬರು ಗುರುತಿಲ್ಲ. ಆದರೂ ಎಲ್ಲರ ಚಾರ್ಟಿನಲ್ಲೂ ಅದೇ. ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಅನುಪಮಾಗೆ ಏನೂ ತಿಳಿಯಲಿಲ್ಲ, ತಾನು ಏನು ತಪ್ಪು ಕೇಳಿದೆನೋ ಎಂಬಂತೆ ನಿಂತಿದ್ದಳು. ನಗು ನಿಧಾನಕ್ಕೆ ಇಳಿಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ನಾವು ಮೂವತ್ತು ಜನವೂ ಹೆಗಲು ಮುಟ್ಟಿಕೊಂಡು ಬಸ್ಸು ಹತ್ತಿದೆವು.

ಅಲ್ಲಿಂದ ನನಗೆ ಎಣಿಸುವ ಹುಚ್ಚು ಹಿಡಿಯಿತು. ಪೇಪರು ಓದುವ ನಮ್ಮ ಮನೆಯವರ ಉಸಿರು ಹದಿನೈದು, ರಾಜಕೀಯದ ಪುಟಕ್ಕೆ ಬಂದಾಗ ಹತ್ತೊಂಬತ್ತು. ಲಕ್ಷ್ಮೇಶ್ವರಕ್ಕೆ ಹೋದಾಗ ಸೋಮೇಶ್ವರ ಗುಡಿಯ ಕಟ್ಟೆಯ ಮೇಲೆ ಕೂತ ಮುದುಕರದನ್ನು ಎಣಿಸಿದೆ. ಒಬ್ಬರು, "ಯಾಕವ್ವಾ, ಗುರ್ತ ಸಿಗವಲ್ದನ?" ಎಂದು ಕೇಳಿಬಿಟ್ಟರು. ಪಕ್ಕದ ಮನೆಯ ಎಮ್ಮೆಯನ್ನೂ ಬಿಡಲಿಲ್ಲ. ಎಣಿಸುತ್ತಿದ್ದಾರೆ ಎಂದು ಗೊತ್ತಾದರೆ ಮನುಷ್ಯನ ಉಸಿರು ಬದಲಾಗುತ್ತದೆ, ಎಮ್ಮೆಯದು ಆಗುವುದಿಲ್ಲ. ನಾಡಿ ಹಿಡಿದ ಹಾಗೆ ಮಣಿಕಟ್ಟು ಹಿಡಿದುಕೊಂಡೇ ಉಸಿರು ಎಣಿಸಬೇಕು, ರೋಗಿಗೆ ಗೊತ್ತಾಗಬಾರದು ಎಂದು ನರ್ಸಿಂಗ್ ಶಾಲೆಯಲ್ಲಿ ಓದಿದ್ದು ಆಗ ನೆನಪಾಯಿತು. ಪರೀಕ್ಷೆಯಲ್ಲಿ ಅದಕ್ಕೆ ಪೂರ್ತಿ ಅಂಕ ತೆಗೆದುಕೊಂಡು ಅಲ್ಲೇ ಬಿಟ್ಟು ಬಂದಿದ್ದೆ.

ನನ್ನ ವಾರ್ಡಿನಲ್ಲಿ ಶುರು ಮಾಡಿದೆ. ಮಣಿಕಟ್ಟು ಹಿಡಿಯುವುದು, ಅರ್ಧ ನಿಮಿಷ ನಾಡಿ, ಆಮೇಲೆ ಪೂರ್ತಿ ನಿಮಿಷ ಉಸಿರು. ಎಲ್ಲರಿಗೂ ಆಗುತ್ತಿರಲಿಲ್ಲ. ಮೂವತ್ತು ರೋಗಿಗಳಿಗೆ ಮೂವತ್ತು ನಿಮಿಷ ಎಲ್ಲಿಂದ ತರುವುದು? ಆರೇಳು ಜನಕ್ಕೆ ಮಾಡುತ್ತಿದ್ದೆ, ಉಳಿದವರಿಗೆ ಹಳೆಯ ಇಪ್ಪತ್ತೇ. ಆದರೆ ಒಂದು ವಿಚಿತ್ರ ಕಂಡಿತು. ಆ ಒಂದು ನಿಮಿಷ ಯಾರೂ ನನ್ನನ್ನು ಕರೆಯುತ್ತಿರಲಿಲ್ಲ. ಕೈ ಹಿಡಿದು ಎಣಿಸುತ್ತಿರುವ ನರ್ಸನ್ನು ಮಂದಿ ಮಾತಾಡಿಸುವುದಿಲ್ಲ. ರೋಗಿಯ ಎದೆ ಏರಿ ಇಳಿಯುವುದನ್ನು ನೋಡುತ್ತ ನನ್ನ ಉಸಿರೂ ನಿಧಾನವಾಗುತ್ತಿತ್ತು, ಏಳನೆಯವರನ್ನು ಮುಗಿಸುವ ಹೊತ್ತಿಗೆ ನನ್ನ ಸಿಡುಕು ಅರ್ಧ ಇಳಿದಿರುತ್ತಿತ್ತು. ಇದನ್ನು ಯಾಕೆ ಇಷ್ಟು ವರ್ಷ ನಾನೇ ಬಿಟ್ಟುಕೊಟ್ಟಿದ್ದೆ ಎಂದು ಆಶ್ಚರ್ಯವಾಯಿತು.

ಒಂದು ಎಡವಟ್ಟೂ ಆಯಿತು. ಒಂದು ಮಧ್ಯಾಹ್ನ ಗಲಾಟೆ ಹೆಚ್ಚಾಗಿ ತಲೆ ಕೆಟ್ಟು, ಮೇಜಿನ ಮುಂದೆ ಕೂತು ಕಣ್ಣು ಮುಚ್ಚಿ ಮೂರು ಉಸಿರು ತೆಗೆದುಕೊಂಡೆ. ರೋಗಿಯೊಬ್ಬರ ಅಳಿಯ ಅದನ್ನು ಮೊಬೈಲಿನಲ್ಲಿ ಹಿಡಿದು "ಡ್ಯೂಟಿಯಲ್ಲಿ ಸಿಸ್ಟರ್ ನಿದ್ದೆ" ಎಂದು ಊರಿನ ವಾಟ್ಸಾಪ್ ಗುಂಪಿಗೆಲ್ಲ ಹಾಕಿದ. ಸಂಜೆಯೊಳಗೆ ನನ್ನ ನಾದಿನಿಗೂ ಮುಟ್ಟಿತು. ನಮ್ಮ ಮುಖ್ಯ ವೈದ್ಯರು ಕರೆಸಿದರು. ನಡೆಯುತ್ತಲೇ ಕಾಗದಗಳಿಗೆ ಸಹಿ ಹಾಕುವ ಅವಸರದ ಮನುಷ್ಯ, ಕೋಪ ಮೂಗಿನ ತುದಿಯಲ್ಲಿ, ಆದರೆ ರೋಗಿಗಳ ಮೇಲೆ ಎಂದೂ ದನಿ ಎತ್ತಿದವರಲ್ಲ.

"ಏನಿದು ನೀಲಮ್ಮ ಸಿಸ್ಟರ್?"

"ಧ್ಯಾನ್ರೀ ಸಾಹೇಬ್ರ. ನೀವ ಕಳಸಿದ್ರಲ್ಲ ಗದಗಿಗೆ."

ಅವರು ವೀಡಿಯೊ ಇನ್ನೊಮ್ಮೆ ನೋಡಿದರು. "ಮಾಡ್ರಿ. ಕಣ್ಣ ತಗದ ಮಾಡ್ರಿ" ಎಂದರು. ಅಂದಿನಿಂದ ಕಣ್ಣು ತೆರೆದೇ ಮಾಡುತ್ತೇನೆ, ಅದೇ ಹೆಚ್ಚು ಚಲೋ.

ಇಷ್ಟೆಲ್ಲ ಮಾಡುತ್ತ ನಾನು ಮಾಡದೆ ಬಿಟ್ಟದ್ದು ಒಂದಿತ್ತು. ಪಕ್ಕದ ಮಕ್ಕಳ ವಾರ್ಡಿನಲ್ಲಿದ್ದ ರೇಣುಕಾಳಿಗೆ "ಇನ್ನ ಮ್ಯಾಲ ಇಪ್ಪತ್ತ ಬರೀಬ್ಯಾಡ" ಎಂದು ಹೇಳಲಿಲ್ಲ. ಅವಳೂ ಆ ಹಾಲ್‌ನಲ್ಲಿ ಇದ್ದಳಲ್ಲ, ತಿಳಿದಿರುತ್ತದೆ ಎಂದುಕೊಂಡೆ. ಖರೆ ಹೇಳಬೇಕೆಂದರೆ ನನ್ನ ಉಸಿರು ನೋಡಿಕೊಳ್ಳುವುದರಲ್ಲೇ ನನಗೆ ಖುಷಿ ಹತ್ತಿತ್ತು, ಅವಳ ಕಡೆ ನೋಡಲಿಲ್ಲ.

ಐದನೆಯ ಗುರುವಾರಕ್ಕೆ ಎರಡು ದಿನ ಇತ್ತು. ಮಧ್ಯಾಹ್ನ ರೇಣುಕಾ ಒಬ್ಬಳೇ. ಮಕ್ಕಳ ವಾರ್ಡಿನ ಜೊತೆಗೆ ಡ್ರೆಸ್ಸಿಂಗ್ ಕೋಣೆಯೂ ಅವಳ ಪಾಲಿಗೆ. ಬೈಕಿನಿಂದ ಬಿದ್ದವರಿಬ್ಬರು ಬಂದಿದ್ದರು. ಡಂಬಳದ ಕಡೆಯ ಎರಡು ವರ್ಷದ ಹೆಣ್ಣುಕೂಸೊಂದು ಜ್ವರ, ಕೆಮ್ಮು ಎಂದು ಆಗಷ್ಟೇ ದಾಖಲಾಗಿತ್ತು. ರೇಣುಕಾ ಎರಡು ಗಂಟೆಗೆ ಚಾರ್ಟು ಬರೆದು ಡ್ರೆಸ್ಸಿಂಗಿಗೆ ಹೋಗಿದ್ದಳು. ಮೂರರ ಹೊತ್ತಿಗೆ ಗಂಗವ್ವ ನೆಲ ಒರೆಸುವ ಬಡಿಗೆಯನ್ನು ಹಿಡಿದುಕೊಂಡೇ ನನ್ನ ವಾರ್ಡಿಗೆ ಓಡಿ ಬಂದಳು.

"ಅಕ್ಕಾರ, ಆ ಡಂಬಳದ ಕೂಸಿನ ಹೊಟ್ಟಿ ಹೆಂಗ ಹಾರಾಕತ್ತೈತಿ ಬಂದು ನೋಡ್ರಿ!"

ಹೋಗಿ ಅಂಗಿ ಎತ್ತಿ ನೋಡಿದೆ. ಪಕ್ಕೆಲುಬಿನ ಕೆಳಗೆ ಚರ್ಮ ಒಳಗೆ ಸೆಳೆಯುತ್ತಿತ್ತು. ಎಣಿಸಿದೆ. ಅರವತ್ತೆರಡು. ಚಾರ್ಟಿನಲ್ಲಿ ರೇಣುಕಾಳ ದುಂಡನೆಯ ಅಕ್ಷರದಲ್ಲಿ ಇಪ್ಪತ್ತು. ಆಮ್ಲಜನಕ ಹಚ್ಚಿದೆ, ಡಾಕ್ಟರು ಓಡಿ ಬಂದರು, ನ್ಯುಮೋನಿಯಾ ಎಂದರು, ಆಂಬುಲೆನ್ಸ್ ಗದಗಿಗೆ ಹೊರಟಿತು. ರೇಣುಕಾ ಮಾಸ್ಕ್ ಹಿಡಿದುಕೊಂಡು ಜೊತೆಗೆ ಹೋದಳು.

ಆಮೇಲೆ ಗಂಗವ್ವನನ್ನು ಕೇಳಿದೆ, "ನಿನಗ ಹೆಂಗ ಗೊತ್ತಾತ?"

"ಮೇಡಂ ಉಸಿರು ನೋಡ್ರಿ ಅಂದಿದ್ರಲ್ರಿ. ನಂದ ನೋಡಿ ನೋಡಿ ಬ್ಯಾಸರಾತು. ನೆಲಾ ಒರಸ್ಕೋತ ಮಂದೀದು ನೋಡ್ತೀನಿ" ಎಂದಳು. ತರಬೇತಿಯಲ್ಲಿ ಗೊರಕೆ ಹೊಡೆದವಳು ಅವಳು, ನೋಟುಬುಕ್ಕಿನಲ್ಲಿ ಬರೆದುಕೊಂಡವಳು ನಾನು.

ಕೂಸು ಉಳಿಯಿತು. ಎರಡು ದಿನದಲ್ಲಿ ಗದಗಿನಿಂದ ಒಳ್ಳೆಯ ಖಬರ ಬಂತು. ಆದರೆ ಮುಖ್ಯ ವೈದ್ಯರು ಚಾರ್ಟು ನೋಡಿ ಕೆಂಡವಾಗಿದ್ದರು. ಎರಡು ವರ್ಷದ ಕೂಸು ಆರಾಮ ಇದ್ದರೂ ಇಪ್ಪತ್ತಕ್ಕಿಂತ ಹೆಚ್ಚು ಉಸಿರಾಡುತ್ತದೆ, ನ್ಯುಮೋನಿಯಾದ ಕೂಸಿಗೆ ಇಪ್ಪತ್ತು ಹೇಗೆ ಬಂತು? ರೇಣುಕಾಳಿಗೆ ಮೆಮೊ ಕೊಟ್ಟರು. ಮೂರು ದಿನದಲ್ಲಿ ಉತ್ತರ ಬರೆಯಬೇಕು.

ಆಸ್ಪತ್ರೆಯ ಹಿಂದಿನ ಮೆಟ್ಟಿಲ ಮೇಲೆ, ಬೇವಿನ ಗಿಡದ ನೆರಳಿನಲ್ಲಿ ಅವಳು ಉತ್ತರ ಬರೆಯುತ್ತ ಕೂತಿದ್ದಳು. ನಾನು ಇಸಿದುಕೊಂಡು ಓದಿದೆ. ಎಣಿಸದೆ ಬರೆದದ್ದು ನನ್ನ ತಪ್ಪು, ಬೇರೆ ಯಾರ ತಪ್ಪೂ ಇಲ್ಲ, ಕೊಡುವ ಶಿಕ್ಷೆಗೆ ಸಿದ್ಧಳಿದ್ದೇನೆ. ಅಷ್ಟೇ ಇತ್ತು.

"ನಿನಗ ಇಪ್ಪತ್ತು ಕಲಿಸಿದಾಕಿ ನಾನ ಅಲ್ಲೇನ? ನನ್ನ ಹೆಸರ ಯಾಕ ಬರೀಲಿಲ್ಲ?"

"ಪೆನ್ ನನ್ನ ಕೈಯಾಗಿತ್ತಲ್ರಿ ಅಕ್ಕಾರ" ಎಂದಳು. "ಎಂಟ ಗುರುವಾರ ಮುಗೀಲಿ ಅಂದಿದ್ರಿ. ಇನ್ನ ಕಾಯೂದ ಏನೈತ್ರಿ? ಇದ್ರ ಕೂಡ ರಾಜೀನಾಮಿನೂ ಕೊಟ್ಟಬಿಡ್ತೀನಿ."

ನಾನು ಆಗಲೇ ಎದ್ದು ಸಾಹೇಬರ ಕೋಣೆಗೆ ಹೋಗಿದ್ದರೆ ಇಲ್ಲಿ ಬರೆಯಲು ಚೆನ್ನಾಗಿರುತ್ತಿತ್ತು. ಹೋಗಲಿಲ್ಲ. ನನಗೆ ನಿವೃತ್ತಿಗೆ ನಾಲ್ಕು ತಿಂಗಳು ಉಳಿದಿತ್ತು. ಅಷ್ಟೂ ವರ್ಷದಲ್ಲಿ ಒಂದು ಮೆಮೊ ಇಲ್ಲ. ಒಂದು ದಿನ ಪೂರ್ತಿ ಸುಮ್ಮನಿದ್ದೆ. ಮರುದಿನ ಬೆಳಿಗ್ಗೆ ಅನುಪಮಾ ಹೇಳಿಕೊಟ್ಟಂತೆ ಮನೆಯ ಕಟ್ಟೆಯ ಮೇಲೆ ಕೂತೆ. ಉಸಿರು ನೋಡುವಾಗ ಏನು ಬಂದರೂ ಓಡಿಸಬೇಡಿ, ಅದನ್ನೂ ನೋಡಿ ಎಂದಿದ್ದಳು. ಈ ತರಬೇತಿ ಮನಸ್ಸನ್ನು ತಣ್ಣಗಾಗಿಸುತ್ತದೆ ಎಂದು ನಾನು ತಿಳಿದಿದ್ದೆ. ಅಂದು ಬಂದದ್ದು ಬೇರೆ.

ರೇಣುಕಾಳ ಮೊದಲ ದಿನ ಕಣ್ಣ ಮುಂದೆ ಬಂತು. ಮೊದಲ ಮಂಚದ ಬಳಿ ಗಡಿಯಾರ ನೋಡುತ್ತ ನಿಂತುಬಿಟ್ಟಿದ್ದಳು. ನಾನು ಅವಸರ ಮಾಡಿದಾಗ, "ಒಂದ ನಿಮಿಷ ತಡೀರಿ ಅಕ್ಕಾರ, ಎಣಸಾಕತ್ತೇನಿ" ಎಂದಿದ್ದಳು. ಆ ಹುಡುಗಿ ಎಣಿಸುತ್ತಿದ್ದಳು! ನಾನು ಅವಳ ಕೈಯಿಂದ ಚಾರ್ಟು ಕಸಿದು, "ಇಪ್ಪತ್ತ ಬರಿ, ಮುಂದ ನಡಿ" ಎಂದು ನಾನೇ ಬರೆದು ತೋರಿಸಿದ್ದೆ. ಇದು ಇಷ್ಟು ವರ್ಷ ನನಗೆ ಒಮ್ಮೆಯೂ ನೆನಪಾಗಿರಲಿಲ್ಲ. ಎಷ್ಟು ನಾಚಿಕೆಯಾಯಿತೆಂದರೆ, ಕಟ್ಟೆಯ ಮೇಲೆ ಕೂತೇ ಅತ್ತೆ. ನಮ್ಮ ಮನೆಯವರು ಪೇಪರು ಮಡಿಸಿಟ್ಟು ನೀರು ತಂದು ಕೊಟ್ಟರು.

ಆಸ್ಪತ್ರೆಗೆ ಹೋದವಳೇ ದಾಖಲೆ ಕೋಣೆಯ ಬೀಗ ತೆಗೆಸಿದೆ. ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ಹಳೆಯ ಕೇಸ್ ಶೀಟುಗಳ ಗಂಟುಗಳಿಂದ ನನ್ನ ಅಕ್ಷರದವನ್ನು ಒಂದು ತೆಕ್ಕೆಯಷ್ಟು ಆರಿಸಿಕೊಂಡು ಸಾಹೇಬರ ಮೇಜಿನ ಮೇಲೆ ಇಟ್ಟೆ.

"ಏನ್ರಿ ಇದು?"

"ಓದ್ರಿ ಸಾಹೇಬ್ರ. ಉಸಿರಿನ ಸಾಲು ಅಷ್ಟ ಓದ್ರಿ."

ಓದುತ್ತ ಹೋದರು. ಇಪ್ಪತ್ತು, ಇಪ್ಪತ್ತು, ಇಪ್ಪತ್ತು. ಐದಾರು ಶೀಟು ತಿರುವಿದ ಮೇಲೆ ಅವರ ಕೈ ನಿಧಾನವಾಯಿತು.

"ಇವು ನನ್ನ ಅಕ್ಷರ. ರೇಣುಕಾಗ ಕಲಿಸಿದಾಕಿ ನಾನು. ಆಕಿ ಎಣಸಾಕತ್ತಿದ್ಲು, ನಾ ಬಿಡಿಸಿದೆ. ಮೆಮೊ ನನಗ ಕೊಡ್ರಿ" ಎಂದು, ಬರೆದು ತಂದಿದ್ದ ಕಾಗದವನ್ನು ಮೇಲಿಟ್ಟೆ.

ಅವರು ನನ್ನ ಕಾಗದ ನೋಡಲಿಲ್ಲ. ಹಳೆಯ ಶೀಟಿನ ಕೆಳಗೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತರು. ನಡೆಯುವಾಗಲೂ ಸಹಿ ಹಾಕುವ ಆ ಮನುಷ್ಯ ಅಷ್ಟು ಹೊತ್ತು ಒಂದೇ ಹಾಳೆ ನೋಡಿದ್ದನ್ನು ನಾನು ಕಂಡಿರಲಿಲ್ಲ. ಕೊನೆಗೆ, "ಪ್ರತಿಯೊಂದರ ಕೆಳಗೂ ನನ್ನ ಸಹಿ ಐತಲ್ರಿ ಸಿಸ್ಟರ್" ಎಂದರು. "ಇಷ್ಟೂ ಮಂದಿ ಇಪ್ಪತ್ತ ಹೆಂಗ ಉಸರಾಡ್ತಾರ ಅಂತ ಒಮ್ಮೆರ ಕೇಳಬೇಕಿತ್ತು ನಾ."

ಇಷ್ಟಕ್ಕೇ ಇಬ್ಬರೂ ಪಾರಾದೆವು ಎಂದುಕೊಳ್ಳಬೇಡಿ. ರೇಣುಕಾಳಿಗೆ ಎಚ್ಚರಿಕೆಯ ಪತ್ರ, ನನಗೂ ಒಂದು ಎಚ್ಚರಿಕೆಯ ಪತ್ರ ಬಂತು. ನನ್ನದನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಅದರ ಜೊತೆಗೆ ಸಾಹೇಬರು ಒಂದು ನಿಯಮ ಮಾಡಿದರು. ಎಣಿಸಿದರೆ ಬರೆಯಿರಿ, ಎಣಿಸಲು ಆಗದಿದ್ದರೆ ಚಾರ್ಟಿನ ಆ ಮನೆಯನ್ನು ಖಾಲಿ ಬಿಡಿ, ಖಾಲಿ ಬಿಟ್ಟದ್ದಕ್ಕೆ ಯಾರನ್ನೂ ಬೈಯುವುದಿಲ್ಲ. ಮೊದಲ ವಾರ ಚಾರ್ಟುಗಳಲ್ಲಿ ಖಾಲಿ ಮನೆಗಳೇ ಹೆಚ್ಚು. ನೋಡಲು ಭಯವಾಗುತ್ತಿತ್ತು. ಆದರೆ ಒಬ್ಬ ನರ್ಸಿಗೆ ಏನೇನು ಆಗುವುದಿಲ್ಲ ಎಂಬುದು ಮೊದಲ ಸಲ ಕಾಗದದ ಮೇಲೆ ಬಂದದ್ದು ಆ ಖಾಲಿ ಮನೆಗಳಲ್ಲೇ. ಸಾಹೇಬರು ಅವನ್ನೇ ಕಟ್ಟಿ ಮೇಲಿನವರಿಗೆ ಕಳಿಸಿದರು. ಎರಡು ತಿಂಗಳ ಮೇಲೆ ಮಧ್ಯಾಹ್ನದ ಪಾಳಿಗೆ ಇನ್ನೊಬ್ಬ ನರ್ಸ್ ಬಂದಳು. ಅದೂ ತಾತ್ಕಾಲಿಕ, ಆರು ತಿಂಗಳಿಗೆ. ನಾವು ತುಂಬುತ್ತ ಬಂದ ಇಪ್ಪತ್ತುಗಳು ಅಷ್ಟು ವರ್ಷ ಎಲ್ಲವೂ ಸರಿಯಿದೆ ಎಂದೇ ಹೇಳುತ್ತಿದ್ದವಲ್ಲ, ಮತ್ತೆ ಯಾರು ಮಂದಿ ಕೊಟ್ಟಾರು?

ರೇಣುಕಾ ಮಾತ್ರ ರಾಜೀನಾಮೆಯ ಯೋಚನೆ ಬಿಡುವ ಮಾತಾಡಲಿಲ್ಲ. ಎಂಟು ಗುರುವಾರ ಮುಗಿಸಿ ಕೊಡುತ್ತೇನೆ ಎಂದು ನನ್ನ ಬಲವಂತಕ್ಕೆ ಒಪ್ಪಿದ್ದಳು, ಅಷ್ಟೆ. ತರಬೇತಿಯಲ್ಲಿ ಕೂತಾಗ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಅನುಪಮಾ ಅದನ್ನು ಒರೆಸಲು ಹೋಗಲಿಲ್ಲ, ಪಕ್ಕದಲ್ಲಿ ಬಂದು ಕೂಡುತ್ತಿದ್ದಳು.

ಏಳನೆಯ ವಾರ ಆ ಡಂಬಳದ ಕೂಸನ್ನು ಎತ್ತಿಕೊಂಡು ಅದರ ತಾಯಿ ಮರುತಪಾಸಣೆಗೆ ಬಂದಳು. ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದಳು. ಆಂಬುಲೆನ್ಸಿನಲ್ಲಿ ಮಾಸ್ಕ್ ಹಿಡಿದು ಬಂದ ಸಿಸ್ಟರ್ ಎಲ್ಲಿ ಎಂದು ಹುಡುಕಿ, ಗಂಟನ್ನು ರೇಣುಕಾಳ ಕೈಗೆ ಇಟ್ಟಳು. ರೇಣುಕಾ ತೆಗೆದುಕೊಳ್ಳಲಿಲ್ಲ.

"ನನಗ ಕೊಡಬ್ಯಾಡವ್ವಾ" ಎಂದಳು. "ಅವತ್ತ ನಿನ್ನ ಮಗಳ ಉಸಿರು ನಾ ಎಣಿಸಿರಲಿಲ್ಲ. ಎಣಿಸೇನಿ ಅಂತ ಸುಳ್ಳ ಬರದಿದ್ದೆ. ಎಣಿಸಿದ್ರ ಒಂದ ತಾಸು ಮೊದಲ ಗೊತ್ತಾಗತಿತ್ತು."

ನಾನು ಬಾಗಿಲಲ್ಲಿ ನಿಂತಿದ್ದೆ. ಆ ತಾಯಿ ರೇಣುಕಾಳ ಮುಖ ನೋಡಿದಳು. ಬೈದಿದ್ದರೆ ಬೈಸಿಕೊಳ್ಳಬೇಕಿತ್ತು. ಅವಳು ಬೈಯಲಿಲ್ಲ, ಪರವಾಗಿಲ್ಲ ಎಂದೂ ಅನ್ನಲಿಲ್ಲ. ಕೂಸನ್ನು ಮಂಚದ ಮೇಲೆ ಮಲಗಿಸಿ, ಅಂಗಿ ಮೇಲಕ್ಕೆ ಸರಿಸಿದಳು.

"ಹಂಗಾರ ಈಗ ಎಣಸು" ಎಂದಳು.

ರೇಣುಕಾ ಎಣಿಸಿದಳು. ತಾಯಿ ಎದುರಿಗೆ ನಿಂತು ಗಡಿಯಾರವನ್ನೂ ರೇಣುಕಾಳ ತುಟಿಯನ್ನೂ ನೋಡುತ್ತಿದ್ದಳು. ಒಂದು ನಿಮಿಷ ಪೂರ್ತಿ. "ಇಪ್ಪತ್ತೆಂಟು. ಚಲೋ ಐತಿ" ಎಂದು ರೇಣುಕಾ ಹೇಳಿದಾಗ, ತಾಯಿ ಕೂಸಿನ ಅಂಗಿ ಇಳಿಸಿ, ರೊಟ್ಟಿಯ ಗಂಟನ್ನು ಮೇಜಿನ ಮೇಲೆ ಇಟ್ಟು ಹೋದಳು. ಅಂದು ನಾವು ಮೂವರೂ ಕೂತುಕೊಂಡು ಊಟ ಮಾಡಿದೆವು. ಗಂಗವ್ವ ಒಂದು ತುಣುಕು ಮುರಿದು, ಮೂಸಿ ನೋಡಿ, ಕಣ್ಣು ಮುಚ್ಚಿ ಅಗಿದು, "ಮೇಡಂ ನೋಡಬೇಕಿತ್ರಿ" ಎಂದಳು.

ಎಂಟನೆಯ ಗುರುವಾರ ಬಂತು, ಹೋಯಿತು. ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ನಾನು ನಿವೃತ್ತಳಾದೆ.

ಹೋದ ವರ್ಷ ನನಗೇ ಜ್ವರ ಬಂದು ಅದೇ ಆಸ್ಪತ್ರೆಯ ನನ್ನ ಹಳೆಯ ವಾರ್ಡಿನಲ್ಲಿ ಎರಡು ದಿನ ಮಲಗಬೇಕಾಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಮಧ್ಯಾಹ್ನ ರೇಣುಕಾ ಚಾರ್ಟು ಹಿಡಿದು ಬಂದಳು. ಎರಡು ಮಂಚದಾಚೆ ಯಾರಿಗೋ ಡ್ರೆಸ್ಸಿಂಗ್ ಮಾಡುತ್ತ ಏನೋ ಗುನುಗುತ್ತಿದ್ದದ್ದನ್ನು ಆಗಲೇ ಕೇಳಿಸಿಕೊಂಡಿದ್ದೆ.

"ಲೇ, ಆ ರಾಜೀನಾಮಿ ಎಲ್ಲೈತಿ ಈಗ?"

"ಬ್ಯಾಗ್ ಬದಲ ಮಾಡೀನ್ರಿ ಅಕ್ಕಾರ" ಎಂದಳು, ಮಣಿಕಟ್ಟು ಹಿಡಿದಳು.

ಮೊದಲು ನಾಡಿ. ಆಮೇಲೆ ಕೈ ಬಿಡಲಿಲ್ಲ. ಅವಳ ಕಣ್ಣು ನನ್ನ ಎದೆಯ ಮೇಲಿದೆ ಎಂದು ನನಗೆ ಗೊತ್ತಾಯಿತು. ಗೊತ್ತಾದರೆ ಉಸಿರು ಬದಲಾಗುತ್ತದೆ ಎಂದೂ ಗೊತ್ತಿತ್ತು, ಅದಕ್ಕೆ ಪಂಖ ನೋಡುತ್ತ ಎಮ್ಮೆಯನ್ನು ನೆನೆಯುತ್ತ ಮಲಗಿದೆ. ದೂರದಿಂದ ಯಾರೋ ಸಿಸ್ಟರ್ ಎಂದು ಕೂಗಿದರು. ಅವಳು ತಿರುಗಲಿಲ್ಲ. ನಿಮಿಷ ಮುಗಿಯಿತು. ಪೆನ್ನು ತೆಗೆದು ಬರೆಯಲು ಹೋದವಳು ತಡೆದು ನಿಂತಳು, ತುಟಿ ಕಚ್ಚಿಕೊಂಡಳು.

"ಎಷ್ಟ?" ಎಂದೆ.

"ಇಪ್ಪತ್ತ್ರೀ."

"ಏನ?"

"ಖರೇನ ಇಪ್ಪತ್ತ್ರೀ ಅಕ್ಕಾರ. ದೇವರಾಣಿ!"

ನಾನು ನಗತೊಡಗಿದೆ, ಅವಳೂ ನಕ್ಕಳು, ಪಕ್ಕದ ಮಂಚದ ಮುದುಕಿ ನಮ್ಮಿಬ್ಬರನ್ನೂ ಬಿಟ್ಟ ಕಣ್ಣಿನಿಂದ ನೋಡಿದಳು. "ನಿನ್ನ ಯಾರ ನಂಬತಾರ? ಇನ್ನೊಮ್ಮೆ ಎಣಸು" ಎಂದೆ. ರೇಣುಕಾ ಕಣ್ಣು ಒರೆಸಿಕೊಂಡು, "ಮೊದಲ ನಗೂದ ನಿಲ್ಲಸ್ರಿ" ಎಂದಳು. ನಾನು ನಗು ನಿಲ್ಲಿಸುವವರೆಗೂ ಕಾದು, ಮತ್ತೆ ನನ್ನ ಮಣಿಕಟ್ಟು ಹಿಡಿದು ಗಡಿಯಾರ ನೋಡಿದಳು.